ಗೂಗಲ್‌ನಲ್ಲಿ ಕನ್ನಡ ಬರಹ ಏಕೆ ಸಿಗುವುದಿಲ್ಲ? ಕೆಲವು ತಪ್ಪು ಕಲ್ಪನೆಗಳು, ಅವುಗಳ ಸತ್ಯ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ಹೇಗೆ ಎಂದು ಕನ್ನಡದಲ್ಲಿ ಬರೆದವರಿಗೆ ಕೊರತೆಯಿಲ್ಲ. ಕೃಷಿ ಪತ್ರಿಕೆಗಳಲ್ಲಿ ಬಂದಿದೆ, ಕರಪತ್ರಗಳಲ್ಲಿದೆ. ಆದರೂ ಮುಂಗಾರು ಹತ್ತಿರವಾದಂತೆ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಅದೇ ಪ್ರಶ್ನೆ ಮತ್ತೆ ಏಳುತ್ತದೆ: "ಅಣ್ಣಾ, ನೂರು ಲೀಟರಿಗೆ ತುತ್ತು ಎಷ್ಟು ಹಾಕ್ತೀರಿ?" ಹಳೆಯ ಉತ್ತರ ಹುಡುಕಿದರೆ ಸಿಗುವ ಹಾಗಿದ್ದರೆ ಇದನ್ನು ವರ್ಷವರ್ಷವೂ ಕೇಳಬೇಕಾಗಿರಲಿಲ್ಲ.

ಇದಕ್ಕೆಲ್ಲ ನಮ್ಮಲ್ಲಿ ಒಂದು ಸಿದ್ಧ ಸಮಜಾಯಿಷಿ ಇದೆ: "ಗೂಗಲ್‌ಗೆ ಕನ್ನಡ ಬರೋಲ್ಲ". ಹಾಗೇನಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಪುಟಗಳು ಕನ್ನಡದಲ್ಲೇ ಹುಡುಕಿದರೂ ಸಿಗುತ್ತವೆ. ಅವು ಹೇಗೆ ಸಿಗುತ್ತವೆ ಎಂಬುದು ತಿಳಿದರೆ ನಮ್ಮ ಬರಹ ಏಕೆ ಸಿಗುತ್ತಿಲ್ಲ ಎಂಬುದೂ ತಿಳಿಯುತ್ತದೆ.

ಹುಡುಕು ಯಂತ್ರದ ಕೆಲಸ ಮೂರು ಹಂತದ್ದು. ಅದರ ಕ್ರಾಲರ್ ಒಂದು ಪುಟದ ಲಿಂಕ್ ಹಿಡಿದು ಇನ್ನೊಂದು ಪುಟಕ್ಕೆ ಹೋಗುತ್ತದೆ. ಅಲ್ಲಿ ಸಿಕ್ಕ ಪಠ್ಯವನ್ನು ತನ್ನ ಸೂಚಿಗೆ ಸೇರಿಸಿಕೊಳ್ಳುತ್ತದೆ. ಯಾರಾದರೂ ಹುಡುಕಿದಾಗ ಆ ಸೂಚಿಯಿಂದ ಆರಿಸಿ ಸಾಲಾಗಿ ಜೋಡಿಸಿ ಕೊಡುತ್ತದೆ. ಪುಸ್ತಕದ ಕೊನೆಯ ಪದಸೂಚಿ ನೋಡಿ ಪುಟ ತೆರೆದ ಹಾಗೆ ಇದು. ಸೂಚಿಗೆ ಸೇರದ ಬರಹ ಎಷ್ಟೇ ಚೆನ್ನಾಗಿರಲಿ, ಹುಡುಕುವವರ ಪಾಲಿಗೆ ಇಲ್ಲವೆಂದೇ ಲೆಕ್ಕ.

ತಪ್ಪು ಕಲ್ಪನೆ 1: ಪರದೆಯ ಮೇಲೆ ಕನ್ನಡ ಕಂಡರೆ ಯಂತ್ರಕ್ಕೂ ಅದು ಕನ್ನಡವೇ.

ಸತ್ಯ: ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಮಾತ್ರ ಕನ್ನಡ. ಫೈಲಿನೊಳಗೆ ಇರುವುದೆಲ್ಲ ರೋಮನ್ ಅಕ್ಷರ, ಚಿಹ್ನೆಗಳು. ಅವಕ್ಕೆ ಕನ್ನಡದ ಆಕಾರ ಕೊಡುವುದು ಫಾಂಟು. ನುಡಿಯ ಆಸ್ಕಿ ಫಾಂಟಿನಲ್ಲಿ 'ಕನ್ನಡ' ಎಂದು ಟೈಪಿಸಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ಮೊದಲಿಗೆ ಇಂಗ್ಲಿಷಿನ ದೊಡ್ಡ 'ಪಿ' ಕಾಣುತ್ತದೆ. ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ 'ಎ', ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಓರೆಗೆರೆಯ 'ಎ', ಜರ್ಮನ್ ಭಾಷೆಯ ಜೋಡಿ 'ಎಸ್', ಸಣ್ಣ 'ಕ್ಯೂ', ಕೊನೆಗೆ ಇನ್ನೊಮ್ಮೆ ಅದೇ 'ಎ'. ಸೂಚಿಗೆ ಸೇರುವುದು ಈ ಏಳರ ಸಾಲು. 'ಕನ್ನಡ' ಎಂದು ಹುಡುಕಿದವರಿಗೆ ಅದು ಸಿಗುವುದಾದರೂ ಹೇಗೆ?

ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಹೀಗಾಗುವುದಿಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳಿದ್ದವು. ಅಲ್ಲಿ 'ಕನ್ನಡ' ಎಂದರೆ ಕ, ನ, ಹಲಂತ, ನ, ಡ ಎಂಬ ಐದು ಸಂಕೇತ. ಫಾಂಟು ಯಾವುದಾದರೂ ಅವು ಬದಲಾಗುವುದಿಲ್ಲ. ಮೊಬೈಲಿನ ಕನ್ನಡ ಕೀಲಿಮಣೆಗಳಲ್ಲಿ ಬರುವುದು ಯೂನಿಕೋಡೇ. ತೊಡಕಿರುವುದು ಮುದ್ರಣಕ್ಕೆಂದು ತಯಾರಾದ ಬರಹಗಳಲ್ಲಿ. ಪೇಜ್‌ಮೇಕರ್‌ನಂಥ ಹಳೆಯ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ಹಾಗಾಗಿ ಡಿಟಿಪಿ ಮಾಡುವವರು ಆಸ್ಕಿಯನ್ನೇ ನೆಚ್ಚಿಕೊಂಡರು. ಅದೇ ಫೈಲು ಪಿಡಿಎಫ್ ಆಗಿ ಜಾಲಕ್ಕೆ ಏರಿತು.

ನಿಮ್ಮ ಪಿಡಿಎಫ್ ಯಾವ ಜಾತಿಯದು ಎಂದು ತಿಳಿಯುವುದು ಸುಲಭ. ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ. ಪೌಂಡು, ಓರೆಗೆರೆ ಬಂದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಬೇಕು. ಬದಲಿಸಿದ ಮೇಲೆ ಒಮ್ಮೆ ಕರಡು ತಿದ್ದಲೇಬೇಕು, ಏಕೆಂದರೆ ಅರ್ಕಾವತ್ತು, ಒತ್ತಕ್ಷರಗಳು ಎಡವುವುದೇ ಅಲ್ಲಿ.

ತಪ್ಪು ಕಲ್ಪನೆ 2: ಚೆಂದದ ಪೋಸ್ಟರ್ ಮಾಡಿ ಹಾಕಿದರೆ ಸಾಕು.

ಸತ್ಯ: ಪೋಸ್ಟರ್ ಚಿತ್ರವೇ ಹೊರತು ಪಠ್ಯವಲ್ಲ. ಚಿತ್ರದೊಳಗಿನ ಅಕ್ಷರ ಓದುವ ಓಸಿಆರ್ ತಂತ್ರಜ್ಞಾನ ಕನ್ನಡಕ್ಕೂ ಇದೆ ನಿಜ. ಆದರೆ ಹುಡುಕು ಯಂತ್ರ ನಿಮ್ಮ ಚಿತ್ರವನ್ನು ತಪ್ಪಿಲ್ಲದೆ ಓದಿಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ. ಪೋಸ್ಟರ್ ಹಾಕಿ, ಅದರ ಕೆಳಗೆ ಅದೇ ಮಾತನ್ನು ಟೈಪ್ ಮಾಡಿಯೂ ಹಾಕಿ.

ತಪ್ಪು ಕಲ್ಪನೆ 3: ಗುಂಪಿನಲ್ಲಿ ಸಾವಿರಾರು ಜನ ಇದ್ದಾರೆ, ಅಲ್ಲಿ ಹೇಳಿದರೆ ಊರಿಗೆಲ್ಲ ಹೇಳಿದಂತೆ.

ಸತ್ಯ: ಕ್ರಾಲರ್ ಲಾಗಿನ್ ಆಗುವುದಿಲ್ಲ, ಗುಂಪು ಸೇರಲು ಅನುಮತಿ ಕೇಳುವುದಿಲ್ಲ. ವಾಟ್ಸಾಪ್‌ನಲ್ಲಿ, ಫೇಸ್‌ಬುಕ್‌ನ ಖಾಸಗಿ ಗುಂಪುಗಳಲ್ಲಿ ನಡೆದ ಚರ್ಚೆ ಸೂಚಿಗೆ ಸೇರುವುದೇ ಇಲ್ಲ. ಎಲ್ಲರಿಗೂ ತೆರೆದಿರುವ ಪುಟದಲ್ಲೂ ಒಂದು ಸೂಕ್ಷ್ಮವಿದೆ. ಗೂಗಲ್‌ನ ಕ್ರಾಲರ್ ಗುಂಡಿ ಒತ್ತುವುದಿಲ್ಲ. 'ಇನ್ನಷ್ಟು ಉತ್ತರಗಳು' ಎಂಬುದನ್ನು ಒತ್ತಿದ ಮೇಲಷ್ಟೇ ಸರ್ವರ್‌ನಿಂದ ಇಳಿದು ಬರುವ ಪಠ್ಯ ಅದಕ್ಕೆ ಕಾಣುವುದಿಲ್ಲ.

ಗುಂಪಿನ ಮಾತುಕತೆಯನ್ನು ಹಾಗೆಯೇ ಎತ್ತಿ ಹಾಕಿದರೂ ಪ್ರಯೋಜನವಿಲ್ಲ. "ಒಂದು ಕೆಜಿ ಸಾಕು" ಎಂಬ ಉತ್ತರ ಯಾವುದಕ್ಕೆ, ಎಷ್ಟು ನೀರಿಗೆ? "ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ" ಎಂದು ಬರೆದಿದ್ದರೆ ಆ ಒಂದು ವಾಕ್ಯವೇ ಸಾಕು. ಪ್ರಶ್ನೆ ಕೇಳಿದವರು ಯಾರೆಂದು ಗೊತ್ತಿಲ್ಲದವರಿಗೂ ಅದು ಅರ್ಥವಾಗುತ್ತದೆ.

ತಪ್ಪು ಕಲ್ಪನೆ 4: ರೋಬೋಟ್ಸ್ ಫೈಲಿನಲ್ಲಿ ತಡೆ ಹಾಕಿದರೆ ಪುಟ ಗುಟ್ಟಾಗಿ ಉಳಿಯುತ್ತದೆ.

ಸತ್ಯ: 1994ರಿಂದ ಬಳಕೆಯಲ್ಲಿರುವ ಈ ಫೈಲು ಕ್ರಾಲರ್‌ಗೆ 'ಈ ಕಡೆ ಬರಬೇಡ' ಎಂದು ಮಾಡುವ ವಿನಂತಿ, ಅಷ್ಟೇ. ಬೇರೆ ತಾಣಗಳಲ್ಲಿ ಆ ಪುಟದ ಲಿಂಕ್ ಇದ್ದರೆ ವಿಳಾಸ ಫಲಿತಾಂಶದಲ್ಲಿ ಬಂದೀತು. ಸಾಲದ್ದಕ್ಕೆ, ಆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ನೀವು ಏನನ್ನು ಬಚ್ಚಿಡಲು ಹೊರಟಿದ್ದೀರಿ ಎಂಬ ಪಟ್ಟಿಯೇ ಅಲ್ಲಿರುತ್ತದೆ. ಸದಸ್ಯರ ಫೋನ್ ನಂಬರಿನಂಥ ಖಾಸಗಿ ವಿವರಕ್ಕೆ ಪಾಸ್‌ವರ್ಡ್ ಇರಲೇಬೇಕು.

ತಪ್ಪು ಕಲ್ಪನೆ 5: ದುಡ್ಡು ಕೊಟ್ಟರೆ ಮೊದಲ ಸ್ಥಾನ ಖಾತ್ರಿ.

ಸತ್ಯ: ದುಡ್ಡಿಗೆ ಸಿಗುವುದು 'ಪ್ರಾಯೋಜಿತ' ಎಂಬ ಹಣೆಪಟ್ಟಿಯ ಜಾಹೀರಾತಿನ ಜಾಗ. ಅದರ ಕೆಳಗಿನ ಸಾಮಾನ್ಯ ಫಲಿತಾಂಶದಲ್ಲಿ ಮೇಲೇರಿಸಲು ಹಣ ಪಡೆಯುವುದಿಲ್ಲ ಎಂದು ಗೂಗಲ್ ಸ್ಪಷ್ಟವಾಗಿ ಹೇಳುತ್ತದೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದೂ ಎಚ್ಚರಿಸುತ್ತದೆ. ಗ್ಯಾರಂಟಿ ಕೊಡುತ್ತೇನೆಂದು ಬರುವ ಏಜೆಂಟರಿಗೆ ಮುಂಗಡ ಕೊಡುವ ಮೊದಲು ಇಷ್ಟು ನೆನಪಿರಲಿ.

ತಪ್ಪು ಕಲ್ಪನೆ 6: ಒಂದೇ ಪದವನ್ನು ಮತ್ತೆ ಮತ್ತೆ ತುರುಕಿ, ಕಂಡಕಂಡಲ್ಲಿ ಲಿಂಕ್ ಅಂಟಿಸಿದರೆ ಪುಟ ಮೇಲೆ ಬರುತ್ತದೆ.

ಸತ್ಯ: ಪುಟದ ಕೋಡಿನಲ್ಲಿ ಕೀವರ್ಡ್ ಪಟ್ಟಿ ಬರೆಯುವ ರೂಢಿ ಒಂದು ಕಾಲಕ್ಕಿತ್ತು. ಶ್ರೇಯಾಂಕ ಕೊಡುವಾಗ ಆ ಪಟ್ಟಿಯನ್ನು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಲಿಂಕಿನ ಕಥೆ ಬೇರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ 1998ರಲ್ಲಿ ಗೂಗಲ್ ಕಟ್ಟಿದ್ದೇ ಲಿಂಕುಗಳ ಲೆಕ್ಕದ ಮೇಲೆ. ಬೇರೆಯವರು ಒಂದು ಪುಟಕ್ಕೆ ಲಿಂಕ್ ಕೊಟ್ಟಿದ್ದರೆ, ಕೊಟ್ಟವರಿಗೂ ತೂಕವಿದ್ದರೆ, ಆ ಪುಟದ ತೂಕ ಹೆಚ್ಚುತ್ತದೆ. ಇದು ತಿಳಿದದ್ದೇ ತಡ, ಸಿಕ್ಕಸಿಕ್ಕ ಚರ್ಚೆಗಳ ಬುಡದಲ್ಲಿ ಲಿಂಕ್ ಅಂಟಿಸುವ ದಂಧೆ ಶುರುವಾಯಿತು. ಅದನ್ನು ತಡೆಯಲು 2005ರಲ್ಲಿ 'ನೋಫಾಲೋ' ಎಂಬ ಗುರುತು ಬಂತು. ತಾಣದವರು ಆ ಗುರುತು ಹಾಕಿದ ಲಿಂಕಿನಿಂದ ಸಾಮಾನ್ಯವಾಗಿ ಶ್ರೇಯಾಂಕಕ್ಕೆ ಲಾಭವಾಗದು. ಇಂಥ ಚರ್ಚೆ ನಡೆಸುವವರು ಕಸವನ್ನು ದಿನವೂ ಗುಡಿಸದಿದ್ದರೆ ಒಳ್ಳೆಯ ಉತ್ತರಗಳೂ ಅದರಡಿ ಮುಚ್ಚಿಹೋಗುತ್ತವೆ.

ತಪ್ಪು ಕಲ್ಪನೆ 7: ಶೀರ್ಷಿಕೆ ಕುತೂಹಲ ಕೆರಳಿಸಿದರೆ ಸಾಕು.

ಸತ್ಯ: ಪತ್ರಿಕೆಯಲ್ಲಿ "ಮಲೆನಾಡ ಸಿರಿಗೆ ಮಳೆಯ ಮುನಿಸು" ಎಂಬ ತಲೆಬರಹ ಸೊಗಸು, ಪಕ್ಕದಲ್ಲೇ ಕೊಳೆತ ಅಡಿಕೆಯ ಚಿತ್ರ ಇರುತ್ತದಲ್ಲ. ಹುಡುಕುವವರು ಆ ಪದಗಳನ್ನು ಟೈಪ್ ಮಾಡುವುದಿಲ್ಲ. ಗುಂಪುಗಳಲ್ಲಿ ಬರುವ "ತುರ್ತು ಸಹಾಯ ಬೇಕು, ಬಲ್ಲವರು ತಿಳಿಸಿ" ಎಂಬ ತಲೆಬರಹವೂ ಅಷ್ಟೇ ನಿರುಪಯುಕ್ತ. "ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ಮೈಲುತುತ್ತು, ಸುಣ್ಣದ ಅಳತೆ" ಎಂದರೆ ಕೇಳುವವರ ಮಾತಿನಲ್ಲೇ ಉತ್ತರ ಸಿಕ್ಕಂತೆ. ಕೊಳೆರೋಗಕ್ಕೆ ಮಹಾಳಿ ಎಂಬ ಹೆಸರೂ ಇದೆ. ಆ ಹೆಸರೊಂದನ್ನೇ ಬಲ್ಲವರಿಗಾಗಿ ಬರಹದೊಳಗೆ ಒಂದು ಕಡೆ ಅದನ್ನೂ ಹೇಳಬೇಕು. ಇದು ಪದ ತುರುಕುವುದಲ್ಲ, ಊರೂರಿನ ಮಾತಿಗೆ ಜಾಗ ಕೊಡುವುದು.

ತಪ್ಪು ಕಲ್ಪನೆ 8: ಪುಟದ ವಿಳಾಸದಲ್ಲಿ ಕನ್ನಡ ಅಕ್ಷರ ಇದ್ದರೆ ಗೂಗಲ್ ಓದುವುದಿಲ್ಲ.

ಸತ್ಯ: ಓದುತ್ತದೆ. ಅಡಚಣೆ ಆಗುವುದು ಹಂಚಿಕೊಳ್ಳುವ ಮನುಷ್ಯರಿಗೆ. ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. ವಿಳಾಸವನ್ನು ಕಾಪಿ ಮಾಡಿದಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ಐದು ಸಂಕೇತದ 'ಕನ್ನಡ' ಹೀಗೆ 45 ಅಕ್ಷರಕ್ಕೆ ಉಬ್ಬುತ್ತದೆ. ವಿಳಾಸ ಕನ್ನಡದಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಚಿಕ್ಕದಾಗಿರಲಿ. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಕೊಟ್ಟ ವಿಳಾಸ ಬದಲಾಗದಿರಲಿ. ತಾಣ ನವೀಕರಿಸುವಾಗ ಬದಲಿಸಲೇಬೇಕಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ '301' ಎಂಬ ಶಾಶ್ವತ ಮರುನಿರ್ದೇಶನ ಕೊಡಿಸಿ. ಇಲ್ಲದಿದ್ದರೆ ವರ್ಷಗಟ್ಟಲೆ ಕೂಡಿದ ಲಿಂಕುಗಳೆಲ್ಲ 'ಪುಟ ಸಿಗಲಿಲ್ಲ' ಎಂಬಲ್ಲಿಗೆ ಹೋಗಿ ನಿಲ್ಲುತ್ತವೆ.

ತಪ್ಪು ಕಲ್ಪನೆ 9: ಇಂಟರ್ನೆಟ್‌ಗೆ ಒಮ್ಮೆ ಹಾಕಿದ್ದು ಅಲ್ಲೇ ಇರುತ್ತದೆ.

ಸತ್ಯ: ಸಾಮಾಜಿಕ ಜಾಲತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಯಾಹೂ ಗ್ರೂಪ್ಸ್ 2019ರ ಕೊನೆಯಲ್ಲಿ ಹಳೆಯ ಸಂದೇಶಗಳನ್ನು ತೆಗೆದುಹಾಕಿ, 2020ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅಲ್ಲಿ ಹರಟಿದ, ಜಗಳವಾಡಿದ, ಒಬ್ಬರಿಗೊಬ್ಬರು ಕಲಿಸಿದ ಕನ್ನಡಿಗರ ಮಾತೂ ಜೊತೆಗೇ ಹೋಯಿತು. ಇಂಟರ್ನೆಟ್ ಆರ್ಕೈವ್ 1996ರಿಂದ ಪುಟಗಳನ್ನು ಉಳಿಸುತ್ತಿದೆ. ಆದರೆ ಲಾಗಿನ್ ಹಿಂದೆ ಇದ್ದದ್ದು ಅದರ ಕೈಗೂ ಸಿಗದು. ಬೇಕಾದ ಬರಹದ ಪ್ರತಿ ನಮ್ಮ ಬಳಿಯೂ ಇರಬೇಕು.

ನಿಮ್ಮ ಬರಹದ ಸ್ಥಿತಿ ತಿಳಿಯಲು ಯಾವ ತಜ್ಞರೂ ಬೇಡ. ಅದರಿಂದ ಆರೇಳು ಪದಗಳ ಒಂದು ತುಣುಕನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಸಿಗದಿದ್ದರೆ ಕ್ರಮವಾಗಿ ನೋಡಿ: ಯೂನಿಕೋಡ್ ಇದೆಯೇ, ಪಠ್ಯವೋ ಚಿತ್ರವೋ, ಲಾಗಿನ್ ಇಲ್ಲದೆ ತೆರೆಯುತ್ತದೆಯೇ, ಬೇರೆ ಯಾವುದಾದರೂ ಪುಟದಿಂದ ಅಲ್ಲಿಗೆ ಲಿಂಕ್ ಇದೆಯೇ. ಎಲ್ಲ ಸರಿಯಿದ್ದೂ ಸಿಗದಿದ್ದರೆ ಗೂಗಲ್‌ನ ಉಚಿತ ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಕೊಟ್ಟು ವಿಚಾರಿಸಿ. ಆ ಪುಟ ಸೂಚಿಗೆ ಸೇರಿದೆಯೇ, ಸೇರದಿದ್ದರೆ ಕಾರಣವೇನು ಎಂದು ಅದೇ ತಿಳಿಸುತ್ತದೆ. ಇಷ್ಟು ಮಾಡಿದ ಮೇಲೂ ಮೊದಲ ಸ್ಥಾನ ಸಿಗದಿರಬಹುದು. ಆದರೆ ಕನ್ನಡದಲ್ಲಿ ಎಷ್ಟೋ ಪ್ರಶ್ನೆಗಳಿಗೆ ಒಂದು ಪೂರ್ಣ ಉತ್ತರವೂ ಜಾಲದಲ್ಲಿಲ್ಲ. ಅಂಥ ಪ್ರಶ್ನೆಗೆ ಸರಿಯಾಗಿ ಬರೆದ ಮೊದಲ ಉತ್ತರಕ್ಕೆ ಪೈಪೋಟಿಯೂ ಕಡಿಮೆಯೇ.