ಪ್ರೇಮಕಾದಂಬರಿಗೂ ಒಂದು ವಿಮರ್ಶೆ ಬರೀರಿ

ಸಿಂದಗಿ ಬಸ್ಸಿನಲ್ಲಿ ಪ್ರೇಮಕಾದಂಬರಿ ಓದುವಾಗ ನಾವು ರಟ್ಟು ಮುಚ್ಚಿ ಹಿಡಿಯುತ್ತೇವೆ. 'ಅದರಾಗ ಏನೈತಿ, ಕಡೀಕ ಮದುವಿ ಆಗ್ತದ' ಅಂತ ಪಕ್ಕದವರು ನಕ್ಕಾರೆಂಬ ಅಂಜಿಕೆ. ನಮ್ಮ ವಿಮರ್ಶೆಗಳೂ ಹಾಗೇ: ಕಥೆ ಹೇಳಿ, 'ಟೈಂಪಾಸ್' ಅಂತ ಮುಗಿಸೋದು.

ಕೊನೆಗೆ ಮದುವೆ ಎಂಬುದು ಓದುಗರ ಜೊತೆಗಿನ ಕರಾರು, ಅದನ್ನು ತಪ್ಪೆನ್ನಲಾಗದು. ನೋಡಬೇಕಾದ್ದು ಪ್ರೇಮಕ್ಕೆ ಅಡ್ಡಿ ಯಾವುದು, ಅದು ಹೇಗೆ ಕರಗಿತು ಎಂಬುದನ್ನು. ತ್ರಿವೇಣಿಯವರ 'ಬೆಳ್ಳಿ ಮೋಡ' ಆ ಕರಾರನ್ನೇ ಮುರಿಯುತ್ತದೆ. ತಮ್ಮ ಹುಟ್ಟಿ ಇಂದಿರೆಗೆ ಆಸ್ತಿ ತಪ್ಪಿದಾಗ ಮೋಹನ್ ದೂರ ಸರಿದ. ಮುಂದೆ ಅವನು ಹಾಸಿಗೆ ಹಿಡಿದಾಗ ಆರೈಕೆ ಮಾಡಿದವಳು ಅವಳೇ. ಮನಸ್ಸು ತಿರುಗಿ ಕೇಳಿದರೆ ಒಲ್ಲೆ ಅಂದಳು. (ಅಂತ್ಯ ಬಿಟ್ಟುಕೊಟ್ಟೆವು, ಕ್ಷಮಿಸ್ರಿ.) ಇದನ್ನು ಹಗುರ ಅಂತೀರೇನು? ಪುಟ್ಟಣ್ಣ ಕಣಗಾಲ್ 1967ರಲ್ಲಿ ಸಿನಿಮಾ ಮಾಡಿದ್ದು ಇದನ್ನೇ.

ಮಾಯೆಯ ಕಥೆಗೆ ಬೇರೆ ಪ್ರಶ್ನೆ: ಮಾಯೆ ಯಾರ ಕೊರತೆ ತುಂಬುತ್ತದೆ? ಗಂಡ ಕೀಲಿ ಹಾಕಿ ಹೋದ ಮನೆಗೆ ಅವನದೇ ರೂಪದಲ್ಲಿ ನಾಗ ಬರುವ ಕಥೆಯನ್ನು ಎ.ಕೆ. ರಾಮಾನುಜನ್ ಅವರಿಂದ ಕೇಳಿ ಕಾರ್ನಾಡರು 'ನಾಗಮಂಡಲ' ಬರೆದರು. ಹಾವು ಗಂಡಸಾಗೋದು ಹ್ಯಾಂಗ ಅಂತ ನಮ್ಮ ಇಂಜಿನಿಯರಿಂಗ್ ಬುದ್ಧಿ ಕೇಳ್ತದ. ವಿಮರ್ಶಕ ಕೇಳಬೇಕಾದ್ದು ಆ ಕೀಲಿಯ ಬಗ್ಗೆ.

ಹೆಂಗಸರ ಬಾಯಲ್ಲಿದ್ದ ಪದಗಳನ್ನು ಹಗುರವೆನ್ನದೆ ಬರೆದುಕೊಂಡ ಹಲಸಂಗಿ ಗೆಳೆಯರು ನಮ್ಮ ಜಿಲ್ಲೆಯವರೇ. 1931ರ ಅವರ 'ಗರತಿಯ ಹಾಡು' ಗ್ರಂಥಾಲಯದಾಗ ಹುಡುಕ್ರಿ.