ವ್ಯತ್ಯಾಸ ಇರುವುದು ಮೊಟ್ಟೆಯಲ್ಲಿ

ಬ್ರಿಟನ್ನಿನವರು ‘ಪ್ರಾನ್’ ಎನ್ನುವ ಸಿಗಡಿಯನ್ನೇ ಅಮೆರಿಕದವರು ‘ಶ್ರಿಂಪ್’ ಎನ್ನುತ್ತಾರೆ. ದೊಡ್ಡದು ಪ್ರಾನ್, ಚಿಕ್ಕದು ಶ್ರಿಂಪ್ ಎಂಬುದು ಕೆಲವರ ಲೆಕ್ಕ. ಸಿಹಿನೀರಿನದು ಪ್ರಾನ್, ಉಪ್ಪುನೀರಿನದು ಶ್ರಿಂಪ್ ಎಂಬುದು ಇನ್ನು ಕೆಲವರದು. ಎರಡೂ ಎಲ್ಲ ಕಡೆ ಹೊಂದುವುದಿಲ್ಲ: ಸಮುದ್ರದ ಟೈಗರ್ ಸಿಗಡಿಯನ್ನು ಮಾರುಕಟ್ಟೆ ಪ್ರಾನ್ ಎಂದೇ ಕರೆಯುತ್ತದೆ. ಹಾಗೆಂದು ಭೇದವೇ ಇಲ್ಲ ಎನ್ನಲಾಗದು. ಸುಲಿಯುವ ಮೊದಲು ಸಿಗಡಿಯನ್ನು ಪಕ್ಕದಿಂದ ನೋಡಿ. ಟೈಗರ್ ಮತ್ತು ವನ್ನಾಮಿ ಸಿಗಡಿಗಳಲ್ಲಿ ಹೊಟ್ಟೆಯ ಚಿಪ್ಪುಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಹಿಂದಕ್ಕೆ ಹೊದ್ದಿರುತ್ತವೆ. ಮೊದಲ ಮೂರು ಜೋಡಿ ಕಾಲುಗಳ ತುದಿಯಲ್ಲಿ ಸಣ್ಣ ಇಕ್ಕಳಗಳಿರುತ್ತವೆ. ಸಿಹಿನೀರಿನ ದೊಡ್ಡ ಸಿಗಡಿಯಲ್ಲಿ ಎರಡನೆಯ ಚಿಪ್ಪು ಅಗಲವಾಗಿದ್ದು ಹಿಂದುಮುಂದಿನ ಎರಡನ್ನೂ ಮುಚ್ಚುತ್ತದೆ; ಇಕ್ಕಳವಿರುವುದು ಎರಡೇ ಜೋಡಿ ಕಾಲುಗಳಿಗೆ. ಕಿವಿರುಗಳ ರಚನೆಯೂ ಬೇರೆ. ಪ್ರಾಣಿಶಾಸ್ತ್ರಜ್ಞರು ಇವನ್ನು ಎರಡು ಪ್ರತ್ಯೇಕ ಗುಂಪುಗಳಾಗಿ ಎಣಿಸುವುದು ಇದಕ್ಕೇ.

ತಿನ್ನುವವರಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಸಾರಿಗೆ ಬೇಕಾದದ್ದು ತಾಜಾತನ ಮತ್ತು ಗಾತ್ರ, ಅದು ಸರಿಯೇ. ಆದರೆ ಸಿಗಡಿ ಮುಂದಿನ ವರ್ಷವೂ ಸಿಗಬೇಕಾದರೆ ಅದು ಮೊಟ್ಟೆಯನ್ನು ಏನು ಮಾಡುತ್ತದೆ ಎಂಬುದು ಗೊತ್ತಿರಬೇಕು. ಟೈಗರ್ ಸಿಗಡಿ ಲಕ್ಷಗಟ್ಟಲೆ ಮೊಟ್ಟೆಗಳನ್ನು ಸಮುದ್ರಕ್ಕೆ ಬಿಟ್ಟು ಹೋಗುತ್ತದೆ. ಒಂದು ದಿನದೊಳಗೆ ಒಡೆದು ಬರುವ ಮರಿಗಳು ತೇಲುತ್ತ ಅಳಿವೆ ಸೇರಿ, ಅಲ್ಲಿ ಬೆಳೆದು ಮತ್ತೆ ಕಡಲಿಗೆ ಮರಳುತ್ತವೆ. ಸಿಹಿನೀರಿನ ಹೆಣ್ಣು ಹಾಗಲ್ಲ. ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಗಾಲುಗಳ ನಡುವೆ ಅಂಟಿಸಿಕೊಂಡು ಸುಮಾರು ಮೂರು ವಾರ ಹೊತ್ತು ತಿರುಗುತ್ತದೆ, ಹೊಳೆಯಿಂದ ಅಳಿವೆಯತ್ತ ಇಳಿಯುತ್ತದೆ. ಮರಿಗಳು ಬದುಕಲು ಸವುಳು ನೀರೇ ಬೇಕೆಂಬುದನ್ನು 1961ರಲ್ಲಿ ಮಲೇಷ್ಯಾದ ಪೆನಾಂಗಿನಲ್ಲಿ ಶಾವೊ-ವೆನ್ ಲಿಂಗ್ ಕಂಡುಹಿಡಿದ ಮೇಲೆಯೇ ಇದರ ಸಾಕಣೆಗೆ ದಾರಿಯಾಯಿತು. ಸಿಹಿನೀರಿನದೆಂದು ಹೆಸರಾದ ಜೀವಿ ಉಪ್ಪಿನ ಆಸರೆಯಿಲ್ಲದೆ ಒಂದು ತಲೆಮಾರೂ ದಾಟದು!

ಕೇರಳದ ವೇಂಬನಾಡು ಕಾಯಲಿನಲ್ಲಿ (ಹಿನ್ನೀರಿನಲ್ಲಿ) ಈ ಭೇದ ಜನರ ಹೊಟ್ಟೆಪಾಡಿನ ಪ್ರಶ್ನೆಯೇ ಆಗಿದೆ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಕುಟ್ಟನಾಡಿನ ಗದ್ದೆಗಳಿಗೆ ಉಪ್ಪುನೀರು ನುಗ್ಗದಿರಲೆಂದು 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಬಳಿ ಒಡ್ಡು ಕಟ್ಟಿದರು. ಮಳೆಯಿಲ್ಲದ ತಿಂಗಳುಗಳಲ್ಲಿ ಅದರ ಬಾಗಿಲು ಮುಚ್ಚಿದಾಗ ಸಿಹಿನೀರಿನ ದೊಡ್ಡ ಸಿಗಡಿಯ ಹೋಗಿಬರುವ ದಾರಿಗೇ ತಡೆ ಬೀಳುತ್ತದೆ. ಮೊಟ್ಟೆಯೊಡೆಸುವ ಕೇಂದ್ರಗಳ ಮರಿ ಇರುವಾಗ ಹೊಳೆಯ ದಾರಿ ಯಾಕೆ ಎನ್ನುವ ವಾದವಿದೆ. ಆ ಮರಿ ಕೊಳದ ಮಾಲೀಕನಿಗೆ ಸಾಕಾದೀತು. ಕಾಯಲಿನಲ್ಲಿ ಬಲೆ ಬೀಸಿ ಬದುಕುವವರಿಗೆ ಬೇಕಾದದ್ದು ತಾನಾಗಿ ಹುಟ್ಟಿ ಬೆಳೆಯುವ ಸಿಗಡಿ. ಭತ್ತದ ರೈತರ ಆತಂಕ ಈ ವಾದಕ್ಕಿಂತ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾಗದು. ಆದರೆ ಒಡ್ಡನ್ನು ಒಡೆಯಬೇಕೆಂದು ಇಲ್ಲಿ ಯಾರೂ ಕೇಳಬೇಕಿಲ್ಲ. ಬಾಗಿಲು ಮುಚ್ಚುವ ಮತ್ತು ತೆರೆಯುವ ದಿನಗಳನ್ನು ನಿಗದಿಪಡಿಸುವಾಗ ಬಿತ್ತನೆ, ಕೊಯ್ಲಿನ ಜೊತೆಗೆ ಮೊಟ್ಟೆ ಹೊತ್ತ ಸಿಗಡಿಯ ಪಯಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.