ಬೀಡಿನ ಕಾವು ಬೇರೆ, ಅಲ್ಯುಮಿನಿಯಂ ಕಾವು ಬೇರೆ

ಹಳೆಯ ಟ್ರ್ಯಾಕ್ಟರಿನ ಕವಚದಲ್ಲಿ ಬಿರುಕು ಕಂಡರೆ ವೆಲ್ಡಿಂಗ್ ರಾಡ್ ಹಿಡಿಯುವ ಮೊದಲು ಅಯಸ್ಕಾಂತ ತಾಗಿಸಿ ನೋಡಬೇಕು. ಕಚ್ಚಿಕೊಂಡರೆ ಬೀಡು, ಜಾರಿ ಬಿದ್ದರೆ ಅಲ್ಯುಮಿನಿಯಂ ಮಿಶ್ರಲೋಹ. ಬಣ್ಣ, ಎಣ್ಣೆ, ಧೂಳು ಮೆತ್ತಿಕೊಂಡ ಮೇಲೆ ಎರಡೂ ಒಂದೇ ತರ ಕಾಣುತ್ತವೆ. ದುರಸ್ತಿಯ ದಾರಿ ಮಾತ್ರ ಪೂರ್ತಿ ಬೇರೆ.

ಈ ಬಿರುಕು ಬರೀ ಎಣ್ಣೆ ಸೋರುವ ತೊಂದರೆಯಲ್ಲ. ಲಾರಿಯಲ್ಲಿ ಎಂಜಿನ್, ಗೇರ್ ಬಾಕ್ಸ್‌ಗಳನ್ನು ಹೊರಲು ಚಾಸಿ ಇರುತ್ತದೆ. ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಅದಿಲ್ಲ. ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್‌ಗಳ ಕವಚಗಳನ್ನೇ ಒಂದಕ್ಕೊಂದು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅವೇ ಅದರ ಬೆನ್ನೆಲುಬು. ನೇಗಿಲು ಕಲ್ಲಿಗೆ ಸಿಕ್ಕಿಕೊಂಡಾಗ ಆ ಸೆಳೆತವನ್ನೆಲ್ಲ ಎರಕದ ಗೋಡೆಗಳೇ ತಡೆದುಕೊಳ್ಳಬೇಕು.

ಈ ಕವಚಗಳ ಲೋಹ ಎಲ್ಲ ಟ್ರ್ಯಾಕ್ಟರುಗಳಲ್ಲೂ ಒಂದೇ ಅಲ್ಲ. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಇಂಗ್ಲೆಂಡಿನ ಡೇವಿಡ್ ಬ್ರೌನ್ ಕಂಪನಿಯೊಡನೆ ಸೇರಿ 1936ರಲ್ಲಿ ಮಾರುಕಟ್ಟೆಗೆ ತಂದ ಫರ್ಗುಸನ್-ಬ್ರೌನ್ ಟ್ರ್ಯಾಕ್ಟರಿನಲ್ಲಿ ತೂಕ ಇಳಿಸಲು ಹಗುರ ಮಿಶ್ರಲೋಹದ ಎರಕಗಳನ್ನು ಬಳಸಿದ್ದರು. ತಯಾರಾದದ್ದು ಸುಮಾರು 1,350 ಮಾತ್ರ. 1946ರಲ್ಲಿ ಕವೆಂಟ್ರಿಯಲ್ಲಿ ಶುರುವಾದ ಫರ್ಗುಸನ್ ಟಿಇ-20 ಐದು ಲಕ್ಷ ದಾಟಿತು. ಅದರ ಗೇರ್ ಬಾಕ್ಸಿನ ಕವಚವೂ ಅಲ್ಯುಮಿನಿಯಂ ಮಿಶ್ರಲೋಹದ್ದು. ನಮ್ಮ ಹೊಲಗಳಲ್ಲಿ ಓಡುವ ಮ್ಯಾಸಿ ಫರ್ಗುಸನ್ ಈ ವಂಶದ್ದೇ.

ಬೀಡಿನಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲವಿದೆ. ಅದರ ಹೆಚ್ಚಿನ ಪಾಲು ಗ್ರಾಫೈಟಿನ ತೆಳು ಚಕ್ಕೆಗಳಾಗಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಒತ್ತಡವನ್ನು ಬೀಡು ಚೆನ್ನಾಗಿ ತಾಳಿಕೊಳ್ಳುತ್ತದೆ. ಎಳೆದರೆ ಆ ಚಕ್ಕೆಗಳ ಅಂಚಿನಿಂದಲೇ ಸೀಳುತ್ತದೆ. ವೆಲ್ಡಿಂಗ್ ಕಿಡಿ ತಾಗಿದಾಗ ಇಂಗಾಲ ಕರಗಿದ ಲೋಹದಲ್ಲಿ ಬೆರೆಯುತ್ತದೆ. ಸುತ್ತಲಿನ ತಣ್ಣನೆಯ ಭಾಗ ಕಾವನ್ನು ಬೇಗ ಹೀರಿಕೊಂಡಾಗ ಬೆಸುಗೆಯ ಅಂಚಿನಲ್ಲಿ ಅತಿ ಗಡುಸಾದ, ಬಾಗಲಾರದ ಪದರ ಉಳಿಯುತ್ತದೆ. ಎಷ್ಟೋ ಬೆಸುಗೆಗಳು ಟಣ್ ಎಂದು ಸದ್ದುಮಾಡಿ ಪಕ್ಕದಲ್ಲೇ ಬಿರಿಯುವುದು ಇದರಿಂದ.

ಹಾಗಾಗಿ ಅನುಭವಿ ಮೆಕ್ಯಾನಿಕ್ ಮೊದಲು ಬಿರುಕಿನ ಎರಡೂ ತುದಿಗಳಲ್ಲಿ ಸಣ್ಣ ತೂತು ಕೊರೆಯುತ್ತಾನೆ. ಚೂಪಾದ ತುದಿಯಲ್ಲಿ ಒಟ್ಟಾಗುವ ಬಲ ತೂತಿನ ದುಂಡು ಅಂಚಿನಲ್ಲಿ ಹಂಚಿಹೋಗಿ ಬಿರುಕು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಬಿರುಕಿನುದ್ದಕ್ಕೂ ಗ್ರೈಂಡರಿನಿಂದ ಇಳಿಜಾರು ಕಾಲುವೆ ತೆಗೆಯುತ್ತಾನೆ. ಕವಚವನ್ನು ಬಿಚ್ಚಿ ತರಲಾದರೆ ಇಡಿಯಾಗಿ 500-600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬೆಸೆದು, ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ನಿಧಾನವಾಗಿ ಆರಲು ಬಿಡುವುದು ಉತ್ತಮ. ಆಗದಿದ್ದರೆ ನಿಕ್ಕಲ್ ರಾಡ್: ಒಮ್ಮೆಗೆ ಒಂದಂಗುಲದಷ್ಟೇ ಬೆಸೆದು, ಬಿಸಿಯಿರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಕೈಯಿಟ್ಟರೆ ತಾಳುವಷ್ಟು ಆರಿದ ಮೇಲೆ ಮುಂದಿನ ಅಂಗುಲ. ಬಡಿತಕ್ಕೆ ಬೆಸುಗೆ ತುಸು ಹಿಗ್ಗಿ, ಕುಗ್ಗುವಾಗಿನ ಎಳೆತ ತಗ್ಗುತ್ತದೆ.

ಗ್ಯಾಸ್ ಜ್ವಾಲೆಯಲ್ಲಿ ಬಿಳಿಗಾರ ಹಾಕಿ ಹಿತ್ತಾಳೆ ಕೂಡಿಸುವುದು ಇನ್ನೊಂದು ದಾರಿ. ಇದರಲ್ಲಿ ಬೀಡು ಕರಗುವುದೇ ಇಲ್ಲ.

ಅಲ್ಯುಮಿನಿಯಂ ಕೊಡುವ ಕಷ್ಟ ಬೇರೆ ಜಾತಿಯದು. ಶುದ್ಧ ಲೋಹ 660 ಡಿಗ್ರಿಗೆ ಕರಗುತ್ತದೆ. ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಬೇಕು. ಪೊರೆ ಗಟ್ಟಿಯಾಗಿರುವಾಗಲೇ ಒಳಗೆ ಲೋಹ ನೀರಾಗಿರುತ್ತದೆ. ಅದು ಕೆಂಪಾಗಿ ಎಚ್ಚರಿಸುವುದೂ ಇಲ್ಲ, ನೋಡನೋಡುತ್ತಿದ್ದಂತೆ ಕುಸಿದು ತೂತಾಗುತ್ತದೆ. ಇದಕ್ಕೆ ಎಸಿ ಕರೆಂಟಿನ ಟಿಗ್ ವೆಲ್ಡಿಂಗ್ ಒಗ್ಗುತ್ತದೆ: ಕರೆಂಟು ದಿಕ್ಕು ಬದಲಿಸುವಾಗ ಪೊರೆ ಒಡೆಯುತ್ತದೆ, ಆರ್ಗಾನ್ ಅನಿಲ ಹೊಸ ಪೊರೆ ಕಟ್ಟದಂತೆ ಕಾಯುತ್ತದೆ. ಸಿಲಿಕಾನ್ ಬೆರೆತ ತಂತಿ ಬಳಸಿದರೆ ಆರುವಾಗ ಬಿರಿಯುವ ಭಯ ಕಡಿಮೆ. ದಶಕಗಳ ಎಣ್ಣೆ ಕುಡಿದ ಎರಕವನ್ನು ಮೊದಲು ಹದವಾಗಿ ಕಾಯಿಸಿ ಎಣ್ಣೆ ಹೊರಬರಿಸಿ ಒರೆಸಲೇಬೇಕು. ಇಲ್ಲವಾದರೆ ಎಣ್ಣೆಯ ಹೈಡ್ರೋಜನ್ ಸೇರಿ ಬೆಸುಗೆಯ ತುಂಬ ಗುಳ್ಳೆ.

ಬೆಸೆದ ಮೇಲೆ ಸೀಮೆಎಣ್ಣೆ ಸವರಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಬೇಕು; ಉಳಿದ ಬಿರುಕಿದ್ದರೆ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಕಾವಿಗೆ ಕವಚಗಳು ಕೂಡುವ ಮುಖ ಡೊಂಕಾಗಿದೆಯೇ ಎಂದು ಪಟ್ಟಿಯಿಟ್ಟು ನೋಡಬೇಕು. ಬೇರಿಂಗ್ ಕೂರುವ ಜಾಗದ ಹತ್ತಿರ ಬೆಸುಗೆ ಬಿದ್ದಿದ್ದರೆ ಲೇತ್ ಅಂಗಡಿಯಲ್ಲಿ ಅದರ ಅಳತೆ ಸರಿಪಡಿಸಿದ ಮೇಲಷ್ಟೇ ಗೇರುಗಳನ್ನು ಒಳಗೆ ಕೂರಿಸಬೇಕು.